ಟ್ಯಾಕಲ್ ಮಾಡದಿದ್ದರೆ ಡಿಫೆಂಡರ್ ಆಡಲಿಲ್ಲ ಅಂತಲ್ಲ

ಹುಡುಗಿಯರ ಫುಟ್‌ಬಾಲ್ ಮ್ಯಾಚ್ ಮುಗಿದರೆ ಸಾಕು, ಪೋಷಕರ ದೂರು ಶುರು. "ಸಾರ್, ನಮ್ಮ ಮಗಳು ಒಂದು ಟ್ಯಾಕಲ್ ಕೂಡ ಮಾಡಲಿಲ್ಲವಲ್ಲ?" ಟ್ಯಾಕಲ್ ಅಂದರೆ ಎದುರಾಳಿಯ ಕಾಲಿನಿಂದ ಚೆಂಡು ಕಸಿಯುವುದು. ಅದರ ಪ್ರಮೇಯವೇ ಬರದ ಹಾಗೆ ಆಡಿದಳು ಅಂದರೆ ನಂಬುವುದಿಲ್ಲ. ಮೊಬೈಲ್‌ನಲ್ಲಿ ಅವರು ನೋಡುವುದು ಜಾರಿಕೊಂಡು ಹೋಗಿ ಚೆಂಡು ಕಸಿಯುವ ತುಣುಕುಗಳನ್ನೇ ಅಲ್ವಾ?

ಹಿಂದೆ ನಿಂತು ಎದುರಾಳಿಯ ದಾಳಿ ತಡೆಯುವ ಡಿಫೆಂಡರ್, ಅಮೆರಿಕದ ಬೆಕಿ ಸಾವರ್‌ಬ್ರನ್ ಆಡಿದ ಒಂದು ಪೂರ್ತಿ ಪಂದ್ಯ ನೋಡಿ. ದೇಶಕ್ಕಾಗಿ 219 ಪಂದ್ಯ ಆಡಿದರು, ಒಂದೂ ಗೋಲು ಹೊಡೆಯಲಿಲ್ಲ. ಎರಡು ವಿಶ್ವಕಪ್ ಗೆದ್ದು, 2024ರ ಕೊನೆಗೆ ನಿವೃತ್ತರಾದರು. 2015ರ ವಿಶ್ವಕಪ್‌ನಲ್ಲಿ ಅಮೆರಿಕ ಸತತ 5 ಪಂದ್ಯ ಗೋಲು ಬಿಟ್ಟುಕೊಡಲಿಲ್ಲ. ಹಿಂದೆ ನಿಂತಿದ್ದವರು ಇವರು.

ಚೆಂಡು ಬಿಟ್ಟು ಅವರನ್ನೇ ನೋಡಬೇಕು. ಎದುರಾಳಿ ತಲೆ ತಗ್ಗಿಸಿ, ಉದ್ದ ಪಾಸಿಗೆ ಕಾಲು ಹಿಂದಕ್ಕೆ ಎತ್ತುತ್ತಾಳೆ. ಚೆಂಡು ಇನ್ನೂ ನೆಲದಲ್ಲೇ ಇದೆ, ಸಾವರ್‌ಬ್ರನ್ ಆಗಲೇ ಎರಡು ಹೆಜ್ಜೆ ಹಿಂದೆ ಸರಿದಿರುತ್ತಾರೆ. ಅದೂ ಅರ್ಧ ಪಕ್ಕಕ್ಕೆ ತಿರುಗಿಕೊಂಡು. ಎದುರಾಬದುರು ನಿಂತರೆ ಓಡುವ ಮೊದಲು ಪೂರ್ತಿ ತಿರುಗಬೇಕು, ಅಷ್ಟರಲ್ಲಿ ಗೋಲು ಹೊಡೆಯಲು ಮುಂದೆ ಆಡುವ ಸ್ಟ್ರೈಕರ್ ದಾಟಿರುತ್ತಾಳೆ.

ಚೆಂಡು ಸ್ಟ್ರೈಕರ್‌ಗೆ ಸಿಕ್ಕಿತು ಅನ್ನಿ. ಆಗಲೂ ಮೇಲೆ ಬೀಳುವುದಿಲ್ಲ. ಸ್ವಲ್ಪ ಅಂತರ ಇಟ್ಟುಕೊಂಡು ಹಿಂದೆ ಸರಿಯುತ್ತಾ ಅವಳನ್ನು ಸೈಡ್‌ಲೈನ್ ಕಡೆಗೆ ಒತ್ತುತ್ತಾರೆ. ಅಲ್ಲಿಂದ ಗೋಲು ಕಾಣುವ ಕೋನ ಕಿರಿದು. ತಂಡದವರಿಗೂ ವಾಪಸ್ ಬರಲು ಟೈಮ್ ಸಿಗುತ್ತದೆ. ಜಾರಿ ಗುರಿ ತಪ್ಪಿದವಳಿಗೆ ಇದ್ಯಾವುದೂ ಇಲ್ಲ. ಅವಳು ಏಳುವಷ್ಟರಲ್ಲಿ ಚೆಂಡು ಗೋಲ್‌ಕೀಪರ್ ಮುಂದಿರುತ್ತದೆ.

ಇದನ್ನು ಎಲ್ಲರೂ ಹೀಗೇ ಆಡಬೇಕು ಅಂತ ಹೇಳಲಾರೆ. ಪಕ್ಕದ ಜೊತೆಗಾರ್ತಿ ಹೇಗೆ ಆಡುತ್ತಾಳೆ ಅನ್ನುವುದೂ ಮುಖ್ಯ. 2015ರಲ್ಲಿ ಜೂಲಿ ಜಾನ್‌ಸ್ಟನ್ ಮುಂದೆ ನುಗ್ಗಿ ಚೆಂಡಿಗೆ ಹೋಗುತ್ತಿದ್ದರು, ಸಾವರ್‌ಬ್ರನ್ ಹಿಂದಿನ ಜಾಗ ಕಾಯುತ್ತಿದ್ದರು. ಇಬ್ಬರೂ ಹಿಂದೆ ಸರಿದರೆ ಮುಂದೆ ಬಯಲೇ ಬಯಲು. ಸಾವರ್‌ಬ್ರನ್‌ಗೂ ತಡವಾದದ್ದುಂಟು. 2019ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್‌ನ ಎಲೆನ್ ವೈಟ್ ಗೋಲಿನ ಮುಂದೆ ಒದೆಯಲು ಹೊರಟಾಗ ಹಿಂದಿನಿಂದ ಕಾಲು ತಗುಲಿಸಿ ಪೆನಾಲ್ಟಿ ಕೊಟ್ಟರು. ಅಮೆರಿಕದ ಗೋಲ್‌ಕೀಪರ್ ಅಲಿಸ್ಸಾ ನೇಹರ್ ಅದನ್ನು ಹಿಡಿದರು, ತಂಡ ಫೈನಲ್‌ಗೆ ಹೋಯಿತು.

ಪೋಷಕರಲ್ಲಿ ಒಂದೇ ಕೋರಿಕೆ. ಗೆರೆಯಾಚೆಯಿಂದ "ಹೋಗೇ, ಕಿತ್ಕೋ!" ಅಂತ ಕೂಗಬೇಡಿ. ಮಗು ಪಾಪ, ನಿಮ್ಮ ದನಿ ಕೇಳಿ ಜಾಗ ಬಿಟ್ಟು ಓಡುತ್ತದೆ. ಎದುರಾಳಿಯ ಪಾಸ್ ಬರುವುದು ಸರಿಯಾಗಿ ಆ ಜಾಗಕ್ಕೇ.