ಹೊಳೆಯ ನೀರಿನಲ್ಲಿ ಲೋಹ: ಅಳೆದದ್ದು ಏನನ್ನು, ಹೋಲಿಸಿದ್ದು ಯಾವುದಕ್ಕೆ?

ಒಂದೇ ಹೊಳೆಯ ನೀರನ್ನು ಪರೀಕ್ಷಿಸಿದ ಎರಡು ವರದಿಗಳಲ್ಲಿ ಒಂದು ಲೋಹಗಳು ಮಿತಿ ಮೀರಿವೆ ಎನ್ನಬಹುದು, ಇನ್ನೊಂದು ಮಿತಿಯೊಳಗೇ ಇವೆ ಎನ್ನಬಹುದು. ಎರಡೂ ಸರಿಯಾಗಿರಲು ಸಾಧ್ಯ. ನೀರನ್ನು ಹೇಗೆ ತುಂಬಿಕೊಂಡರು, ಸೋಸಿ ಅಳೆದರೋ ಸೋಸದೆಯೋ, ಬಂದ ಅಂಕಿಯನ್ನು ಯಾವ ಮಾನದಂಡದ ಪಕ್ಕ ಇಟ್ಟು ನೋಡಿದರು ಎಂಬ ಪ್ರಶ್ನೆಗಳ ಹಿಂದೆ ಅರ್ಧ ಶತಮಾನದ ಜಗ್ಗಾಟವಿದೆ.

ಸೀಸ, ಕ್ಯಾಡ್ಮಿಯಂ, ತಾಮ್ರಗಳು ಹೊಳೆಯ ನೀರಿನಲ್ಲಿ ಸಾಮಾನ್ಯವಾಗಿ ಲೀಟರಿಗೆ ಕೆಲವು ಮೈಕ್ರೋಗ್ರಾಂ, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ ಇರುತ್ತವೆ. ಇಷ್ಟು ಅಲ್ಪ ಪ್ರಮಾಣವನ್ನು ಏರುಪೇರು ಮಾಡಲು ಬಕೆಟ್ಟಿನ ಹಿಡಿಯ ತುಕ್ಕು, ಬರಿಗೈಯ ಸ್ಪರ್ಶ, ಪ್ರಯೋಗಾಲಯದ ಧೂಳು ಸಾಕು. ಸೀಸದ ಐಸೋಟೋಪುಗಳಿಂದ ಭೂಮಿಯ ವಯಸ್ಸನ್ನು ಲೆಕ್ಕ ಹಾಕಿದ ಕ್ಲೇರ್ ಪ್ಯಾಟರ್‌ಸನ್ 1950ರ ದಶಕದಲ್ಲೇ ಇದನ್ನು ಕಂಡುಕೊಂಡಿದ್ದರು. ಸುತ್ತಲಿನ ಗಾಳಿ, ಪಾತ್ರೆಗಳಿಂದ ಬಂದ ಸೀಸವೇ ತಮ್ಮ ಅಳತೆಯನ್ನು ಕೆಡಿಸುತ್ತಿದೆಯೆಂದು ಅರಿತು ಅತಿಶುದ್ಧ ಪ್ರಯೋಗಾಲಯವನ್ನೇ ಕಟ್ಟಿಕೊಂಡರು. ಆ ಎಚ್ಚರ ಹೊಳೆಯ ದಂಡೆಗೆ ಇಳಿಯಲು ದಶಕಗಳೇ ಹಿಡಿದವು. ಅಮೆರಿಕದಲ್ಲಿ 1972ರ ಶುದ್ಧ ಜಲ ಕಾಯ್ದೆಯ ನಂತರ ಅಂಕಿಗಳು ರಾಶಿ ಬಿದ್ದವು. ಆದರೆ 1991ರಲ್ಲಿ ಕೆಲವು ಸಂಶೋಧಕರು ಪೂರ್ವ ಕರಾವಳಿಯ ನದಿಗಳಲ್ಲಿ ಶುದ್ಧ ವಿಧಾನದಿಂದ ಅಳೆದಾಗ, ಸರ್ಕಾರಿ ದಾಖಲೆಯ ಅಂಕಿಗಳು ವಾಸ್ತವಕ್ಕಿಂತ ಬಹಳ ಹೆಚ್ಚೆಂದು ಕಂಡುಬಂತು. ಕರಗಿದ ಲೋಹಗಳ ತನ್ನ ಮಾದರಿಗಳು ಕಲುಷಿತಗೊಂಡಿದ್ದವೆಂದು ಅಲ್ಲಿನ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯೂ ಅದೇ ವರ್ಷ ಒಪ್ಪಿಕೊಂಡಿತು. ಹಳೆಯ ಅಂಕಿಗಳನ್ನು ಮೂಲೆಗಿಡಲು ಬೇಕಾದ ಧೈರ್ಯ ಸಣ್ಣದಲ್ಲ.

1996ರಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಪ್ರಕಟಿಸಿದ, ಲೋಹ ಪರೀಕ್ಷೆಗೆ ನೀರು ತುಂಬಿಕೊಳ್ಳುವ ಬಗೆ ಹೇಳುವ 1669ನೆಯ ವಿಧಾನ ಓದುವುದಕ್ಕೆ ನಮ್ಮ ಹಳೆಯ ಅಡುಗೆಮನೆಗಳ ಮಡಿಯಂತೆ ಕಾಣುತ್ತದೆ. ನೀರು ತುಂಬುವ ಇಬ್ಬರೂ ಕೈಗವಸು ತೊಡಬೇಕು, ಎರಡು ಚೀಲಗಳೊಳಗಿನ ಬಾಟಲಿಯನ್ನು ‘ಶುದ್ಧ ಕೈ’ಯವರು ಮಾತ್ರ ಮುಟ್ಟಬೇಕು, ಹೊರಚೀಲ ಬಿಚ್ಚುವುದೂ ಉಪಕರಣ ಹಿಡಿಯುವುದೂ ‘ಕೊಳೆ ಕೈ’ಯವರ ಪಾಲು.

ಇದರ ನಡುವೆಯೇ, 1993ರಲ್ಲಿ, ಅದೇ ಸಂಸ್ಥೆ ಜಲಚರಗಳ ರಕ್ಷಣೆಗೆ ಒಟ್ಟು ಲೋಹದ ಬದಲು 0.45 ಮೈಕ್ರೋಮೀಟರ್ ಶೋಧಕದಲ್ಲಿ ಸೋಸಿದ ನೀರಿನಲ್ಲಿ ಉಳಿಯುವ ಕರಗಿದ ಲೋಹವನ್ನೇ ಅಳೆಯುವುದು ಸೂಕ್ತವೆಂದಿತು. ಮೀನಿನ ಕಿವಿರಿಗೆ ತಟ್ಟುವುದು ಹೆಚ್ಚಾಗಿ ಕರಗಿದ ಭಾಗವೇ; ನೀರು ಗಡುಸಾಗಿದ್ದರೆ ಅದರಲ್ಲಿನ ಕ್ಯಾಲ್ಸಿಯಂ ಆ ಪೆಟ್ಟನ್ನು ತಗ್ಗಿಸುತ್ತದೆ. ಹಾಗಾಗಿ ಅಲ್ಲಿ ಹಲವು ಲೋಹಗಳ ಮಿತಿ ನೀರಿನ ಗಡಸುತನದೊಂದಿಗೆ ಬದಲಾಗುತ್ತದೆ. ಲೀಟರಿಗೆ 100 ಮಿಲಿಗ್ರಾಂ ಗಡಸುತನದ ಸಿಹಿನೀರಿನಲ್ಲಿ ಸೀಸದ ದೀರ್ಘಾವಧಿ ಮಿತಿ 2.5 ಮೈಕ್ರೋಗ್ರಾಂ, ಸತುವಿನ ಮಿತಿ 120 ಮೈಕ್ರೋಗ್ರಾಂ.

ಭಾರತದ ದಾರಿ ಬೇರೆ. 1974ರ ಜಲ ಕಾಯ್ದೆಯಿಂದ ಹುಟ್ಟಿದ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನದಿಗಳನ್ನು ಬಳಕೆಗೆ ತಕ್ಕಂತೆ ಐದು ದರ್ಜೆಗಳಾಗಿ ವಿಂಗಡಿಸಿತು. ಆದರೆ ಆ ದರ್ಜೆಗಳ ಪ್ರಾಥಮಿಕ ಮಾನದಂಡಗಳಲ್ಲಿ ಕರಗಿದ ಆಮ್ಲಜನಕ, ಕೋಲಿಫಾರಂ ಬ್ಯಾಕ್ಟೀರಿಯಾ, ಬೋರಾನ್‌ಗಳಿವೆಯೇ ಹೊರತು ಸೀಸ, ಕ್ಯಾಡ್ಮಿಯಂಗಳಿಲ್ಲ. ನೀರಿನ ಗುಣಮಟ್ಟ ಅಳೆಯುವ ರಾಷ್ಟ್ರೀಯ ಜಾಲದಲ್ಲಿ ಲೋಹಗಳ ಪರೀಕ್ಷೆ ಆಯ್ದ ಮಾದರಿಗಳಿಗೆ ಸೀಮಿತ. ಈ ತೆರವಿನಲ್ಲಿ ಕುಡಿಯುವ ನೀರಿನ ಮಾನಕವೇ ಹೊಳೆಗೂ ಅಳತೆಗೋಲಾಗಿದೆ; ಕೇಂದ್ರ ಜಲ ಆಯೋಗವೂ ತನ್ನ ನದಿ ವರದಿಗಳಲ್ಲಿ ಅದನ್ನೇ ಬಳಸಿದೆ. ಆ ಮಾನಕದಲ್ಲಿ ಸತುವಿನ ಸ್ವೀಕಾರಾರ್ಹ ಮಿತಿಯೇ ಲೀಟರಿಗೆ 5 ಮಿಲಿಗ್ರಾಂ, ಅಂದರೆ ಮೇಲೆ ಹೇಳಿದ ಜಲಚರ ಮಿತಿಯ 40 ಪಟ್ಟಿಗೂ ಹೆಚ್ಚು. ಮನುಷ್ಯರು ಕುಡಿಯಬಹುದಾದ ನೀರಿನಲ್ಲಿ ಮೀನು ಬದುಕದೇ ಇರಬಹುದು, ಆದರೂ ವರದಿಯ ಆ ಅಂಕಣದಲ್ಲಿ ‘ಮಿತಿಯೊಳಗೆ’ ಎಂದೇ ಬರೆದಿರುತ್ತದೆ.

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಕಡೆಯಿಂದ ಹರಿದು ಬೈರಮಂಗಲ ಕೆರೆ ಸೇರುವ ವೃಷಭಾವತಿಯಲ್ಲಿ ಇನ್ನೊಂದು ತೊಡಕಿದೆ. ಕಾರ್ಖಾನೆಯ ನೀರು ಗಂಟೆಗಂಟೆಗೂ ಬದಲಾಗಬಲ್ಲದು. ಬೆಳಗಿನ 11ಕ್ಕೆ ತುಂಬಿಕೊಂಡ ಒಂದು ಬಾಟಲಿ ಹಿಂದಿನ ರಾತ್ರಿ ಏನು ಹರಿದುಹೋಯಿತೆಂದು ಹೇಳಲಾರದು. ಹರಿದದ್ದರಲ್ಲಿ ಒಂದು ಪಾಲು ಹೂಳಿಗಂಟಿ ಕೆರೆಯ ತಳದಲ್ಲಿ ಉಳಿಯುತ್ತದೆ. ಆ ಹೂಳಿನಲ್ಲಿರುವ ಲೋಹವನ್ನು, ನೀರಿನ ಬಾಟಲಿ ಎಷ್ಟೇ ಮಡಿಯಿಂದ ತುಂಬಿದರೂ, ತೋರಿಸುವುದಿಲ್ಲ.