ಎದೆಯೊಳಗೆ ಕರುಳು, ಅದರ ಹಿಂದೆ ಇನ್ನೊಂದು ತುಂಡು ಶ್ವಾಸಕೋಶ

ಕಲಬುರಗಿ ಸುತ್ತಿನ ಹಳ್ಳಿಗಳಲ್ಲಿ ಕೂಸಿಗೆ ದಮ್ಮು ಹತ್ತಿದರೆ ಮೊದಲು ಬರುವ ಮಾತು 'ಎದಿಯಾಗ ಕಫ ಆಗ್ಯಾದ' ಅಂತ. ಹೆಚ್ಚಿನ ಸಲ ಅದು ನಿಜವೇ. ಅಪರೂಪಕ್ಕೊಂದು ಕೂಸಿನ ಎದೆಯಲ್ಲಿ ಮಾತ್ರ ಕಫ ಅಲ್ಲ, ಕರುಳು ಇರುತ್ತದೆ.

ಹೊಟ್ಟೆ ಮತ್ತು ಎದೆಯ ನಡುವೆ ವಪೆ ಎಂಬ ಸ್ನಾಯುವಿನ ಪರದೆ ಇದೆ. ಬಸಿರಿನ ಹತ್ತನೇ ವಾರದ ಹೊತ್ತಿಗೆ ಅದು ಪೂರ್ತಿ ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ಕರುಳು, ಜಠರ ಮೇಲೆ ನುಗ್ಗಿ, ಇನ್ನೂ ಬೆಳೆಯುತ್ತಿರುವ ಶ್ವಾಸಕೋಶವನ್ನು ಒತ್ತಿಬಿಡುತ್ತವೆ. ಸುಮಾರು 2,500ರಿಂದ 3,000 ಹೆರಿಗೆಗೆ ಒಂದು ಕೂಸಿಗೆ ಹೀಗಾಗುತ್ತದೆ, ಜಾಸ್ತಿ ಎಡಗಡೆಯೇ. 1848ರಲ್ಲಿ ಪ್ರಾಗ್‌ನ ಅಂಗರಚನಾ ತಜ್ಞ ಬೊಕ್ಡಲೆಕ್ ಇದನ್ನು ವಿವರಿಸಿದರು. ಹುಟ್ಟಿ ಒಂದು ದಿನವೂ ಆಗದ ಕೂಸನ್ನು ಆಪರೇಷನ್ ಮಾಡಿ ಉಳಿಸಿದ ವರದಿಗೆ 1946ರವರೆಗೆ ಕಾಯಬೇಕಾಯಿತು. ಮಾಡಿದವರು ಬಾಸ್ಟನ್‌ನ ರಾಬರ್ಟ್ ಗ್ರಾಸ್.

ಅದೇ ವರ್ಷ ಪ್ರೈಸ್ ಎಂಬ ವೈದ್ಯರು ಇನ್ನೊಂದು ದೋಷಕ್ಕೆ 'ಸೀಕ್ವೆಸ್ಟ್ರೇಷನ್' ಎಂಬ ಹೆಸರು ಕೊಟ್ಟರು. ಉಸಿರಿನ ಕೊಳವೆಗೆ ಸೇರದೆ ಬೇರೆಯೇ ಉಳಿದ ಶ್ವಾಸಕೋಶದ ತುಂಡು ಅದು. ವಪೆ ಹೊಲಿಯಲು ಕರುಳನ್ನು ಕೆಳಗೆ ಇಳಿಸಿದಾಗ ಇಂಥ ತುಂಡು ದಿಢೀರನೆ ಕಣ್ಣಿಗೆ ಬೀಳುವುದುಂಟು. ಸುಮ್ನೆ ಕತ್ತರಿಸಿ ತೆಗೆಯುವ ಹಾಗಿಲ್ಲ. ಅದಕ್ಕೆ ರಕ್ತ ಬರುವುದು ಸಾಮಾನ್ಯವಾಗಿ ನೇರ ಮಹಾಪಧಮನಿಯಿಂದ. ಆ ನಾಳವನ್ನು ಮೊದಲು ಹುಡುಕಿ ಕಟ್ಟಬೇಕು. ತಿಳಿಯದೆ ಕತ್ತರಿ ತಾಗಿದರೆ ತುದಿ ಒಳಗೆ ಸರಿದು, ರಕ್ತ ನಿಲ್ಲಿಸುವುದೇ ಕಷ್ಟವಾಗುತ್ತದೆ.

ಹುಟ್ಟಿದ ಕೂಡಲೇ ಆಪರೇಷನ್ ಆಗಲೇಬೇಕು ಎಂಬ ಅವಸರ 1980ರ ದಶಕದಿಂದ ಕಡಿಮೆಯಾಯಿತು. ಈಗ ಮೊದಲು ಉಸಿರಾಟ ಹದಕ್ಕೆ ಬರಬೇಕು, ಆಮೇಲೆ ಸರ್ಜರಿ. ಆಳಂದದಲ್ಲೋ ಚಿತ್ತಾಪುರದಲ್ಲೋ ಹುಟ್ಟಿದ ಕೂಸಿಗೆ ದೂರದ ಆಸ್ಪತ್ರೆ ಮುಟ್ಟಲು ಸಮಯ ಸಿಗುವುದರಿಂದ ಇದು ದೊಡ್ಡ ಆಸರೆ ಅಲ್ವಾ?

ಕೆಲವು ಮಕ್ಕಳಲ್ಲಿ ದೋಷ ಗೊತ್ತಾಗುವುದು ವರ್ಷಗಳ ನಂತರ. ಎಕ್ಸ್‌ರೇಯಲ್ಲಿ ಕಾಣುವ ಕರುಳಿನ ಗಾಳಿಗುಳ್ಳೆಗಳನ್ನು ಶ್ವಾಸಕೋಶದ ಹೊರಗೆ ಸೇರಿಕೊಂಡ ಗಾಳಿ (ನ್ಯುಮೋಥೊರಾಕ್ಸ್) ಎಂದು ಓದಿ ಎದೆಗೆ ಟ್ಯೂಬ್ ಹಾಕಿದರೆ ಕರುಳೇ ತೂತಾಗಬಹುದು. ಅನುಮಾನ ಬಂದರೆ ಮೂಗಿನಿಂದ ಜಠರಕ್ಕೆ ಸಣ್ಣ ನಳಿಕೆ ಇಳಿಸಿ ಮತ್ತೊಂದು ಎಕ್ಸ್‌ರೇ ತೆಗೆಯಬೇಕು. ಜಠರ ಮೇಲೆ ಬಂದಿದ್ದರೆ ನಳಿಕೆಯ ತುದಿ ಎದೆಯಲ್ಲೇ ಸುರುಳಿ ಸುತ್ತಿಕೊಂಡಿರುತ್ತದೆ. ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ.

ಮಕ್ಕಳ ದೋಷಗಳನ್ನು ತಪಾಸಣೆ ಮಾಡಿ ಹುಡುಕಲು 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮೂಲ ಪಟ್ಟಿಯಲ್ಲಿ ಹೃದಯದ ದೋಷ, ಸೀಳುತುಟಿ ಇದ್ದವು, ವಪೆಯ ದೋಷ ಇರಲಿಲ್ಲ. ಹಾಗಾಗಿ ಐದನೇ ತಿಂಗಳ ಸ್ಕ್ಯಾನಿಂಗ್ ತಪ್ಪಿಸಲೇಬಾರದು. ಅಲ್ಲಿ ದೋಷ ಕಂಡರೆ ಹೆರಿಗೆಯನ್ನೇ ಮಕ್ಕಳ ಸರ್ಜನ್ ಇರುವ ಕಡೆ ಮಾಡಿಸಬಹುದು. ಕಾಣದೆ ಹುಟ್ಟಿ, ಕೂಸನ್ನು ಹೈದರಾಬಾದಿಗೋ ಸೊಲ್ಲಾಪುರಕ್ಕೋ ಸಾಗಿಸಬೇಕಾದರೆ, ಹೊರಡುವ ಮುಂಚೆ ಜಠರಕ್ಕೆ ನಳಿಕೆ ಹಾಕಿರಬೇಕು. ದಾರಿಯಲ್ಲಿ ಮಾಸ್ಕ್ ಹಿಡಿದು ಗಾಳಿ ಒತ್ತಬಾರದು. ಆ ಗಾಳಿ ಎದೆಯಲ್ಲಿರುವ ಕರುಳನ್ನೇ ಉಬ್ಬಿಸುತ್ತದೆ.