ಒಂದೇ ಸಲ ಎರಡು ಮೂರು ಗಿಟಾರ್ ಆಂಪ್: ಲೋಡ್, ಅರ್ಥಿಂಗ್, ಗುಂಯ್ ಶಬ್ದ

ಹಲವು ಆಂಪ್‌ಗಳನ್ನು ಒಟ್ಟಿಗೆ ಹಾಕುವಾಗ ಎಲ್ಲರಿಗೂ ಮೊದಲು ಬರುವ ಅನುಮಾನ, ಅಷ್ಟು ಲೋಡ್ ತಡೆಯುತ್ತಾ ಅಂತ. ಆ ಲೆಕ್ಕ ಸುಲಭ. ಬೇಗ ಮುಗಿಸಿ ಅರ್ಥಿಂಗ್‌ಗೆ ಬರೋಣ, ಜೀವಕ್ಕೆ ಅಪಾಯ ಇರುವುದು ಅಲ್ಲಿ.

ಆಂಪ್‌ನ ಹೆಸರಿನ ಜೊತೆ ಬರುವ '50 ವಾಟ್' ಅನ್ನುವುದು ಸ್ಪೀಕರ್‌ಗೆ ಹೋಗುವ ಪವರ್. ಪ್ಲಗ್‌ನಿಂದ ಎಳೆಯುವುದು ಬೇರೆ, ಟ್ಯೂಬ್ ಆಂಪ್‌ಗಳಲ್ಲಿ ಅದು ಇನ್ನೂ ಜಾಸ್ತಿ. ಟ್ಯೂಬ್ ಒಳಗಿನ ಫಿಲಮೆಂಟ್ ಕಾಯಿಸುವುದಕ್ಕೇ ಒಂದಷ್ಟು ಖರ್ಚಾಗುತ್ತದೆ. ಹಾಗಾಗಿ ಹಿಂಬದಿಯಲ್ಲಿ ಪವರ್ ಕಾರ್ಡ್ ಹತ್ತಿರ ಬರೆದಿರುವ ಅಂಕಿ ನೋಡಿ. ಮೂರು ಆಂಪ್‌ಗಳ ಲೇಬಲ್‌ನಲ್ಲಿ 150, 250, 300 ವಾಟ್ ಇದೆ ಅಂದುಕೊಳ್ಳಿ. ಒಟ್ಟು 700. ಇದನ್ನು ವೋಲ್ಟೇಜ್‌ನಿಂದ ಭಾಗಿಸಿದರೆ 230 ವೋಲ್ಟ್‌ನಲ್ಲಿ ಸುಮಾರು 3 ಆಂಪಿಯರ್, 120 ವೋಲ್ಟ್‌ನಲ್ಲಿ ಸುಮಾರು 6. ಒಂದು ಒಳ್ಳೆಯ ಎಕ್ಸ್‌ಟೆನ್ಷನ್ ಬೋರ್ಡ್ ಇಷ್ಟನ್ನು ಆರಾಮಾಗಿ ತಡೆಯುತ್ತದೆ. ಒಂದು ಬೋರ್ಡ್‌ಗೆ ಇನ್ನೊಂದು ಬೋರ್ಡ್ ಸಿಕ್ಕಿಸಬೇಡಿ. ಸುತ್ತಿಟ್ಟ ವೈರನ್ನು ಪೂರ್ತಿ ಬಿಚ್ಚಿ, ಇಲ್ಲದಿದ್ದರೆ ಶಾಖ ಒಳಗೇ ಉಳಿಯುತ್ತದೆ. ಆಂಪ್‌ಗಳನ್ನು ಒಂದಾದ ಮೇಲೆ ಒಂದು ಆನ್ ಮಾಡಿ. ಸ್ವಿಚ್ ಹಾಕಿದ ಕ್ಷಣ ಟ್ರಾನ್ಸ್‌ಫಾರ್ಮರ್ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯಬಹುದು. ಎಲ್ಲವೂ ಒಟ್ಟಿಗೆ ಆನ್ ಆದರೆ ಎಂಸಿಬಿ (ಕರೆಂಟ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಟ್ರಿಪ್ ಆಗುವುದು ಇದಕ್ಕೇ.

ಈಗ ಅರ್ಥಿಂಗ್. ಗಿಟಾರ್ ತಂತಿ ಮುಟ್ಟಿದಾಗ ನಿಮ್ಮ ಕೈ ನಿಜವಾಗಿ ಎಲ್ಲಿದೆ ನೋಡಿ. ಸಾಮಾನ್ಯ ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ತಂತಿಯಿಂದ ಬ್ರಿಡ್ಜ್, ಬ್ರಿಡ್ಜ್‌ನಿಂದ ಒಂದು ಸಣ್ಣ ವೈರ್, ಅಲ್ಲಿಂದ ಜ್ಯಾಕ್, ಕೇಬಲ್‌ನ ಹೊರ ಜಾಲರಿ, ಕೊನೆಗೆ ಆಂಪ್‌ನ ಚಾಸಿ, ಅಂದರೆ ಒಳಗಿನ ಲೋಹದ ಚೌಕಟ್ಟು. ಅಂದರೆ ನೀವು ಚಾಸಿಯನ್ನೇ ಹಿಡಿದ ಹಾಗೆ. ಒಳಗೆ ಫೇಸ್ ವೈರ್ ಸಡಿಲವಾಗಿ ಚಾಸಿಗೆ ತಗುಲಿದರೆ, ಅರ್ಥ್ ಸರಿ ಇದ್ದಾಗ ದೊಡ್ಡ ಕರೆಂಟ್ ಅದರಲ್ಲಿ ಹರಿದು ಫ್ಯೂಸ್ ಹೋಗುತ್ತದೆ ಅಥವಾ ಎಂಸಿಬಿ ಬೀಳುತ್ತದೆ. ಅರ್ಥ್ ಇಲ್ಲದಿದ್ದರೆ ತಂತಿಗಳಲ್ಲೇ ಕರೆಂಟ್ ಇರುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಹಾಡಲು, ಅರ್ಥ್ ಆಗಿರುವ ಮೈಕ್ ಮುಟ್ಟಿದಾಗ ಅದು ಮೈ ಮೂಲಕ ಹರಿಯುತ್ತದೆ. 1972ರಲ್ಲಿ ಸ್ಟೋನ್ ದ ಕ್ರೋಸ್ ಬ್ಯಾಂಡ್‌ನ ಗಿಟಾರಿಸ್ಟ್ ಲೆಸ್ಲಿ ಹಾರ್ವಿ ಬ್ರಿಟನ್ನಿನ ಸ್ವಾನ್ಸಿ ನಗರದ ವೇದಿಕೆಯಲ್ಲಿ ಮೈಕ್ ಮುಟ್ಟಿ ಶಾಕ್ ಹೊಡೆದು ತೀರಿಕೊಂಡರು. ಅರ್ಥಿಂಗ್ ಸರಿ ಇರಲಿಲ್ಲ.

ಇಷ್ಟು ಗೊತ್ತಿದ್ದೂ ಜನ ಯಾಕೆ ಅರ್ಥ್ ಪಿನ್ ಕೀಳುತ್ತಾರೆ? ಗುಂಯ್ ಶಬ್ದಕ್ಕೆ. ಎರಡು ಆಂಪ್‌ಗಳೂ ಪ್ಲಗ್ ಮೂಲಕ ಅರ್ಥ್ ಆಗಿರುತ್ತವೆ. ಗಿಟಾರ್ ಸಿಗ್ನಲ್ ಹಂಚುವ ಬಾಕ್ಸ್‌ನಲ್ಲಿ ಕೇಬಲ್ ಜಾಲರಿಗಳೂ ಸೇರಿದಾಗ ಒಂದು ಸುತ್ತು ಆಗುತ್ತದೆ. ಆ ಸುತ್ತಿನಲ್ಲಿ ಹರಿಯುವ ಸಣ್ಣ ಕರೆಂಟ್ ಸಿಗ್ನಲ್‌ಗೆ ಸೇರಿ ಗುಂಯ್ ಅನ್ನುತ್ತದೆ. ಒಂದು ಆಂಪ್‌ನ ಅರ್ಥ್ ಪಿನ್ ತೆಗೆದರೆ ಶಬ್ದ ನಿಲ್ಲುತ್ತದೆ, ಆಂಪ್ ಚೆನ್ನಾಗೇ ನುಡಿಯುತ್ತದೆ. ಮೋಸ ಇರುವುದು ಇಲ್ಲೇ. ಆ ಆಂಪ್ ಈಗ ಗಿಟಾರ್ ಕೇಬಲ್‌ನ ತೆಳು ಜಾಲರಿಯ ಮೂಲಕ ಪಕ್ಕದ ಆಂಪ್‌ನ ಅರ್ಥನ್ನು ಎರವಲು ಪಡೆದಿದೆ. ಯಾರೋ ಆ ಕೇಬಲ್ ಎಳೆದರೆ ಅದೂ ಇಲ್ಲ.

ಸುತ್ತನ್ನು ಸಿಗ್ನಲ್ ಕಡೆ ಮುರಿಯಬೇಕು, ಪವರ್ ಕಡೆ ಅಲ್ಲ. ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇರುವ ಎಬಿವೈ ಬಾಕ್ಸ್ (ಗಿಟಾರ್ ಸಿಗ್ನಲ್ ಹಂಚುವ ಬಾಕ್ಸ್) ತೆಗೆದುಕೊಳ್ಳಿ. ಅದರಲ್ಲಿ ಸಿಗ್ನಲ್ ಕಾಂತಕ್ಷೇತ್ರದ ಮೂಲಕ ದಾಟುತ್ತದೆ, ಜಾಲರಿಗಳು ಮಾತ್ರ ಸೇರುವುದಿಲ್ಲ. ಎರಡು ಆಂಪ್ ಇದ್ದರೆ ಒಂದು ಔಟ್‌ಪುಟ್‌ಗೆ ಟ್ರಾನ್ಸ್‌ಫಾರ್ಮರ್ ಸಾಕು, ಮೂರಕ್ಕೆ ಹಂಚುವ ಬಾಕ್ಸ್ ಆದರೆ ಎರಡು ಔಟ್‌ಪುಟ್‌ಗೆ ಬೇಕು. ಆ ಬಾಕ್ಸ್ ಮೇಲಿನ 'ಗ್ರೌಂಡ್ ಲಿಫ್ಟ್' ಸ್ವಿಚ್ ಸಿಗ್ನಲ್‌ಗೆ ಸೇರಿದ್ದು, ಧೈರ್ಯವಾಗಿ ಬಳಸಿ. ಎಲ್ಲ ಆಂಪ್‌ಗಳನ್ನೂ ಒಂದೇ ಬೋರ್ಡ್‌ಗೆ ಹಾಕಿದರೆ ಎಷ್ಟೋ ಸಲ ಗುಂಯ್ ಅಲ್ಲೇ ಕಡಿಮೆಯಾಗುತ್ತದೆ. ಸರ್ಕ್ಯೂಟ್‌ನಲ್ಲಿ ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಡಿ ಇದ್ದರೆ ಇನ್ನೂ ಒಳ್ಳೆಯದು.

ಎರಡು ಪಿನ್‌ನ ಹಳೆಯ ಟ್ಯೂಬ್ ಆಂಪ್ ಇದ್ದರೆ ಇನ್ನೊಂದು ವಿಷಯ. ಅಂಥ ಕೆಲವದರಲ್ಲಿ ಮೇನ್ಸ್ ಮತ್ತು ಚಾಸಿ ನಡುವೆ ಒಂದು ಕೆಪಾಸಿಟರ್ ಇರುತ್ತದೆ. ಅದು ಶಾರ್ಟ್ ಆದರೆ ಚಾಸಿಗೇ ಕರೆಂಟ್. ಬೇರೆ ಆಂಪ್ ಜೊತೆ ಸೇರಿಸುವ ಮೊದಲು ಅದನ್ನು ತೆಗೆಸಿ, ಮೂರು ಪಿನ್‌ನ ಕಾರ್ಡ್ ಹಾಕಿಸಿ. ಟೆಕ್ನಿಷಿಯನ್‌ಗೇ ಕೊಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದು.